ಬಸುರಿನ ಬಂಗು, ಬಿಸಿಲಿನ ಪಾಲು

2007ರಲ್ಲಿ ಮೊರಾಕ್ಕೊ ದೇಶದ ಚರ್ಮವೈದ್ಯರು ಯುರೋಪಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಚಿಕ್ಕ ಅಧ್ಯಯನವನ್ನು ಪ್ರಕಟಿಸಿದರು. ಬಸುರಿನ ಮೊದಲ ಮೂರು ತಿಂಗಳಲ್ಲಿದ್ದ 200 ಹೆಂಗಸರಿಗೆ ಅವರು ಬಿಸಿಲು ತಡೆಯುವ ಒಂದು ಒಳ್ಳೆಯ ಕ್ರೀಮ್ ಕೊಟ್ಟು, ತಪ್ಪಿಸದೆ ಮುಖಕ್ಕೆ ಹಚ್ಚಿಕೊಳ್ಳಲು ಹೇಳಿದ್ದರು. ಕೊನೆಯವರೆಗೆ ಉಳಿದವರು 185 ಮಂದಿ. ಅವರಲ್ಲಿ ಹೊಸದಾಗಿ ಮುಖದ ಮೇಲೆ ಬಂಗು ಕಾಣಿಸಿಕೊಂಡದ್ದು ಐವರಿಗೆ, ಅಂದರೆ ನೂರಕ್ಕೆ 2.7. ಅದೇ ಬಗೆಯ ಗರ್ಭಿಣಿಯರನ್ನು ಹಿಂದೊಮ್ಮೆ ಯಾವ ಕ್ರೀಮೂ ಇಲ್ಲದೆ ಗಮನಿಸಿದಾಗ ಸಿಕ್ಕಿದ್ದ ಲೆಕ್ಕ ನೂರಕ್ಕೆ 53.

ಈ ಅಂಕಿಗಳನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಒಂದೇ ಕಾಲದಲ್ಲಿ ಅರ್ಧ ಜನರಿಗೆ ಕ್ರೀಮ್ ಕೊಟ್ಟು, ಉಳಿದರ್ಧಕ್ಕೆ ಕೊಡದೆ ಮಾಡಿದ ಹೋಲಿಕೆ ಇದಲ್ಲ. ಹಳೆಯ ಲೆಕ್ಕದ ಪಕ್ಕದಲ್ಲಿ ಹೊಸ ಲೆಕ್ಕವನ್ನು ಇಟ್ಟು ನೋಡಿದ್ದು. ಆದರೂ 53 ಎಲ್ಲಿ, 2.7 ಎಲ್ಲಿ! ಇಷ್ಟು ದೊಡ್ಡ ಅಂತರ ಬರೀ ಕಾಕತಾಳೀಯವಾಗಿ ಹುಟ್ಟುವುದು ಕಷ್ಟ. ಅದಕ್ಕಿಂತ ಮುಖ್ಯವಾಗಿ, ಆ ಅಧ್ಯಯನ ಒಂದು ಹಳೆಯ ನಂಬಿಕೆಯನ್ನು ಅಲುಗಾಡಿಸಿತು. ಬಸುರಿಯಾದರೆ ಮುಖ ಕಪ್ಪಾಗುವುದು ಸಹಜ, ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ ಎಂಬುದು ಆ ನಂಬಿಕೆ. ಸಹಜ ಎಂಬುದು ನಿಜ. ಏನೂ ಮಾಡುವಂತಿಲ್ಲ ಎಂಬುದು ನಿಜವಲ್ಲ.

ಬಸುರಿನಲ್ಲಿ ಚರ್ಮದ ಬಣ್ಣ ಒಂದಿಷ್ಟಾದರೂ ಬದಲಾಗುವುದು ಹತ್ತರಲ್ಲಿ ಒಂಬತ್ತು ಹೆಂಗಸರಿಗೆ. ಮೊಲೆತೊಟ್ಟಿನ ಸುತ್ತಲಿನ ವರ್ತುಲ ಗಾಢವಾಗುತ್ತದೆ. ಹೊಟ್ಟೆಯ ನಡುವೆ ಮೇಲಿನಿಂದ ಕೆಳಕ್ಕೆ ಹೊಕ್ಕುಳನ್ನು ಬಳಸಿಕೊಂಡು ಕಪ್ಪು ಗೆರೆಯೊಂದು ಮೂಡುತ್ತದೆ. ಕಂಕುಳು, ತೊಡೆಯ ಸಂದುಗಳು ಕಪ್ಪಾಗುತ್ತವೆ. ಮೊದಲೇ ಇದ್ದ ಮಚ್ಚೆಗಳು ಎದ್ದು ಕಾಣುತ್ತವೆ. ಇವೆಲ್ಲ ಬಟ್ಟೆಯ ಮರೆಯಲ್ಲಿ, ಬಿಸಿಲು ಸೋಕದ ಜಾಗದಲ್ಲೇ ಆಗುವ ಬದಲಾವಣೆಗಳು. ಇವನ್ನು ತಡೆಯುವ ಉಪಾಯವಿಲ್ಲ, ತಡೆಯುವ ಅಗತ್ಯವೂ ಇಲ್ಲ. ಹೆರಿಗೆಯಾಗಿ ಕೆಲವು ತಿಂಗಳು ಕಳೆದರೆ ಹೊಟ್ಟೆಯ ಗೆರೆ ತಾನಾಗಿಯೇ ಮಾಸುತ್ತದೆ.

ಬಂಗಿನ ಕತೆ ಬೇರೆ. ಅದು ಹಣೆ, ಎರಡು ಕೆನ್ನೆ, ಮೂಗಿನ ದಿಂಡು, ಮೇಲ್ತುಟಿ, ಕೆಲವೊಮ್ಮೆ ಗಲ್ಲ ಮತ್ತು ದವಡೆಯಂಚನ್ನೇ ಆರಿಸಿಕೊಳ್ಳುತ್ತದೆ. ಎಡಕ್ಕೆ ಬಂದರೆ ಬಲಕ್ಕೂ ಬರುತ್ತದೆ. ಕಂದು ಬಣ್ಣದ, ಅಂಚು ಅಂಕುಡೊಂಕಾದ ಪಟ್ಟೆಗಳು, ತುರಿಕೆಯಿಲ್ಲ, ಉರಿಯಿಲ್ಲ. ಆ ಜಾಗಗಳ ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ: ತಲೆಯ ಮೇಲಿಂದ ಬೀಳುವ ಬಿಸಿಲಿಗೆ ಮುಖದಲ್ಲಿ ಮೊದಲು ಎದುರಾಗುವ ಭಾಗಗಳೂ ಇವೇ. ಹಾರ್ಮೋನುಗಳು ಮೈಯ ತುಂಬ ಹರಿಯುತ್ತವೆ, ಬಂಗು ಮಾತ್ರ ಮುಖದಲ್ಲೇ ನಿಲ್ಲುತ್ತದೆ.

ಚರ್ಮಕ್ಕೆ ಬಣ್ಣ ಕೊಡುವುದು ಮೆಲಾನಿನ್. ಅದನ್ನು ತಯಾರಿಸುವ ಮೆಲನೊಸೈಟ್ ಕೋಶಗಳು ಹೊರಚರ್ಮದ ತಳದಲ್ಲಿ ಕೂತು, ಕೈಗಳಂತೆ ಚಾಚಿದ ಕವಲುಗಳಿಂದ ಸುತ್ತಲಿನ ಸುಮಾರು 36 ಚರ್ಮಕೋಶಗಳಿಗೆ ಬಣ್ಣದ ಕಣಗಳನ್ನು ಹಂಚುತ್ತವೆ. ಕಣಗಳನ್ನು ಪಡೆದ ಕೋಶ ಅವನ್ನು ತನ್ನ ನ್ಯೂಕ್ಲಿಯಸ್ಸಿನ ಮೇಲೆ ಕೊಡೆಯ ಹಾಗೆ ಹಿಡಿಯುತ್ತದೆ. ಅತಿನೇರಳೆ ಕಿರಣಗಳಿಂದ ಡಿಎನ್ಎಗೆ ಆಗುವ ಪೆಟ್ಟು ಅಷ್ಟರಮಟ್ಟಿಗೆ ತಪ್ಪುತ್ತದೆ. ಕಪ್ಪು ಚರ್ಮದಲ್ಲೂ ಬಿಳಿ ಚರ್ಮದಲ್ಲೂ ಈ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಅವು ಎಷ್ಟು ಬಣ್ಣ ತಯಾರಿಸುತ್ತವೆ, ಎಂಥದ್ದನ್ನು ತಯಾರಿಸುತ್ತವೆ ಎಂಬುದರಲ್ಲಿ. ಬಂಗು ಇರುವ ಜಾಗದ ಚರ್ಮವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಣ್ಣದ ಕೋಶಗಳು ದಪ್ಪಗಾಗಿ, ಕವಲುಗಳನ್ನು ಉದ್ದಕ್ಕೆ ಚಾಚಿರುವುದು ಕಾಣುತ್ತದೆ. ಅದರ ಕೆಳಗಿನ ಪದರದಲ್ಲಿ ಬಿಸಿಲಿಗೆ ಜಖಂಗೊಂಡ ನಾರುಗಳೂ ಹೆಚ್ಚಿರುತ್ತವೆ. 2002ರಲ್ಲಿ ಕೊರಿಯಾದ ವೈದ್ಯರು 56 ರೋಗಿಗಳ ಚರ್ಮವನ್ನು ಪರೀಕ್ಷಿಸಿ ಹೇಳಿದ್ದೂ ಇದನ್ನೇ. ಅಂದರೆ ಬಂಗು ಮೇಲ್ಮೈಯ ಕೊಳೆಯಲ್ಲ, ತಿಕ್ಕಿ ತೊಳೆದು ತೆಗೆಯುವ ಬಣ್ಣವೂ ಅಲ್ಲ.

ಈ ಕೋಶಗಳಿಗೆ ಅಪ್ಪಣೆ ಎಲ್ಲಿಂದ ಬರುತ್ತದೆ? ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚರ್ಮತಜ್ಞ ಏರನ್ ಲರ್ನರ್ ಈ ಪ್ರಶ್ನೆಯ ಬೆನ್ನು ಹತ್ತಿದವರು. ಅವರಿಗೇ ತೊನ್ನು ಇತ್ತು. ಬಣ್ಣ ಹೋಗುವುದು ಏಕೆ, ಬರುವುದು ಏಕೆ ಎಂಬುದು ಅವರಿಗೆ ಪುಸ್ತಕದ ಪ್ರಶ್ನೆಯಷ್ಟೇ ಆಗಿರಲಿಲ್ಲ. 1958ರಲ್ಲಿ ಮೆಲಟೋನಿನ್ ಅನ್ನು ಬೇರ್ಪಡಿಸಿದ ತಂಡದ ಮುಖ್ಯಸ್ಥರೂ ಅವರೇ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರುವ, ಬಣ್ಣದ ಕೋಶಗಳನ್ನು ಕೆರಳಿಸುವ ಹಾರ್ಮೋನನ್ನು ಶುದ್ಧೀಕರಿಸಿ, 1961ರಲ್ಲಿ ಅವರು ಸ್ವಯಂಸೇವಕರಿಗೆ ಚುಚ್ಚುಮದ್ದಾಗಿ ಕೊಟ್ಟರು. ಆ ಸ್ವಯಂಸೇವಕರ ಚರ್ಮ ಕಪ್ಪಾಯಿತು, ಮದ್ದು ನಿಲ್ಲಿಸಿದ ಮೇಲೆ ಮತ್ತೆ ತಿಳಿಯಾಯಿತು. ಚರ್ಮದ ಬಣ್ಣವನ್ನು ರಕ್ತದಲ್ಲಿ ಹರಿಯುವ ಹಾರ್ಮೋನು ಬದಲಿಸಬಲ್ಲದು ಎಂಬುದಕ್ಕೆ ಮನುಷ್ಯರಲ್ಲೇ ಪುರಾವೆ ಸಿಕ್ಕಿತು.

ಬಸುರಿನಲ್ಲಿ ಮಾಸು ತಾನೇ ಒಂದು ದೊಡ್ಡ ಹಾರ್ಮೋನು ಗ್ರಂಥಿಯಾಗಿ ಬಿಡುತ್ತದೆ. ಈಸ್ಟ್ರೊಜೆನ್, ಪ್ರೊಜೆಸ್ಟೆರಾನ್ ಎರಡೂ ತಿಂಗಳಿಂದ ತಿಂಗಳಿಗೆ ಏರುತ್ತವೆ. ಎರಡೂ ಸೇರಿಯೇ ಬಂಗು ತರುತ್ತವೆ ಎಂದು ಬಹುಕಾಲ ಅಂದುಕೊಂಡಿದ್ದರು. 2016ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ನಟಾಲೆ, ಟಾಡ್ ರಿಡ್ಕಿ ಮತ್ತು ಸಂಗಡಿಗರು ಮನುಷ್ಯರ ಬಣ್ಣದ ಕೋಶಗಳ ಮೇಲೆ ಇವೆರಡನ್ನೂ ಬೇರೆ ಬೇರೆಯಾಗಿ ಪ್ರಯೋಗಿಸಿದಾಗ ಅಚ್ಚರಿ ಕಾದಿತ್ತು: ಈಸ್ಟ್ರೊಜೆನ್ ಬಣ್ಣವನ್ನು ಹೆಚ್ಚಿಸಿತು, ಪ್ರೊಜೆಸ್ಟೆರಾನ್ ತಗ್ಗಿಸಿತು. ಎರಡೂ ಕೋಶದ ಪೊರೆಯ ಮೇಲಿರುವ ಬೇರೆ ಬೇರೆ ಗ್ರಾಹಿಗಳ ಮೂಲಕ ಕೆಲಸ ಮಾಡುತ್ತಿದ್ದವು. ಮೈಯೊಳಗೆ ನಡೆಯುವುದು ಈ ಎರಡರ ಎಳೆದಾಟ. ಅದು ಯಾರಲ್ಲಿ ಎತ್ತ ವಾಲುತ್ತದೆ ಎಂಬುದು ಅವರವರ ಕೋಶಗಳಿಗೆ ಬಿಟ್ಟದ್ದು.

ಮನೆತನದ ಪಾಲೂ ಸಣ್ಣದಲ್ಲ. 2009ರಲ್ಲಿ ಪ್ರಕಟವಾದ, ಬಂಗು ಇದ್ದ 324 ಹೆಂಗಸರ ಸಮೀಕ್ಷೆಯಲ್ಲಿ ನೂರಕ್ಕೆ 48 ಮಂದಿಯ ಹತ್ತಿರದ ಬಂಧುಗಳಿಗೂ ಬಂಗು ಇತ್ತು. ಹಾಗಾಗಿ ಅಮ್ಮನಿಗೋ ಅಕ್ಕನಿಗೋ ಬಸುರಿನಲ್ಲಿ ಬಂಗು ಬಂದಿತ್ತೇ ಎಂದು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಬಂದಿದ್ದರೆ ಎಚ್ಚರ ಮೊದಲ ತಿಂಗಳಿಂದಲೇ ಇರಲಿ.

ಹುಟ್ಟಿನಿಂದ ಬಂದ ಗುಣವನ್ನು ಬದಲಿಸಲಾಗದು. ಹಾರ್ಮೋನುಗಳನ್ನು ಬದಲಿಸಬಾರದು, ಮಗು ಉಳಿದು ಬೆಳೆಯುವುದೇ ಅವುಗಳ ಬಲದಿಂದ. ಕೈಗೆ ಸಿಗುವುದು ಬೆಳಕು ಒಂದೇ. ಬಂಗು ತಡೆಯುವ ವಿಜ್ಞಾನವೆಲ್ಲ ಈ ಒಂದರ ಸುತ್ತಲೇ ಇದೆ.

ಬೆಳಕು ಎಂದರೆ ಅತಿನೇರಳೆ ಕಿರಣ ಎಂದಷ್ಟೇ ಬಹುಕಾಲ ತಿಳಿದಿದ್ದೆವು. ಬಿಳಿ ಚರ್ಮದವರ ದೇಶಗಳಲ್ಲಿ ನಡೆದ ಸಂಶೋಧನೆಗೆ ಅದು ಸಾಕಾಗಿತ್ತು. ನಮ್ಮಂಥ ಕಂದು ಚರ್ಮದವರ ಮಟ್ಟಿಗೆ ಕಣ್ಣು ತೆರೆಸಿದ್ದು 2010ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಹೆನ್ರಿ ಫೋರ್ಡ್ ಆಸ್ಪತ್ರೆಯ ಸಂಶೋಧಕರ ಪ್ರಯೋಗ. ಅವರು ಕಣ್ಣಿಗೆ ಕಾಣುವ ಬೆಳಕನ್ನೇ ಚರ್ಮದ ಮೇಲೆ ಬಿಟ್ಟರು. ಕಂದು ಮತ್ತು ಕಪ್ಪು ಚರ್ಮದವರಲ್ಲಿ ಆ ಜಾಗ ಕಪ್ಪಾಯಿತು. ಉದ್ದ ಅಲೆಯ ಅತಿನೇರಳೆ ಕಿರಣದಿಂದ ಆಗುವ ಕಪ್ಪಿಗಿಂತ ಅದು ಹೆಚ್ಚು ಗಾಢವಾಗಿತ್ತು, ಹೆಚ್ಚು ದಿನ ಉಳಿಯಿತು. ಬಿಳಿ ಚರ್ಮದವರಲ್ಲಿ ಏನೂ ಆಗಲಿಲ್ಲ. ಮುಂದೆ, ಕಾಣುವ ಬೆಳಕಿನಲ್ಲೂ ನೇರಳೆ ಮತ್ತು ನೀಲಿಯ ಭಾಗವೇ ಇದಕ್ಕೆ ಕಾರಣ, ಕೆಂಪಲ್ಲ ಎಂದು ಫ್ರಾನ್ಸಿನ ಸಂಶೋಧಕರು ತೋರಿಸಿದರು. ಬಣ್ಣದ ಕೋಶಗಳಲ್ಲಿ ಆಪ್ಸಿನ್-3 ಎಂಬ ಪ್ರೋಟೀನು ಈ ನೀಲಿ ಬೆಳಕನ್ನು ಗುರುತಿಸುತ್ತದೆ ಎಂಬುದು 2018ರಲ್ಲಿ ತಿಳಿಯಿತು. ಆಪ್ಸಿನ್‌ಗಳು ಕಣ್ಣಿನೊಳಗಿನ ಪ್ರೋಟೀನುಗಳ ಬಳಗಕ್ಕೆ ಸೇರಿದವು. ನಮ್ಮ ಕೆನ್ನೆಯ ಚರ್ಮಕ್ಕೂ ಬೆಳಕನ್ನು ಅರಿಯುವ ಶಕ್ತಿ ಇದೆ ಎಂದಾಯಿತು.

ಇದರಿಂದ ಅಂಗಡಿಯಲ್ಲಿ ಸಿಗುವ ಸನ್‌ಸ್ಕ್ರೀನಿನ ಮೇಲಿನ ಬರಹವನ್ನು ಓದುವ ರೀತಿಯೇ ಬದಲಾಗುತ್ತದೆ. ಎಸ್‌ಪಿಎಫ್ ಎಂಬ ಸಂಖ್ಯೆ ಹೇಳುವುದು ಚರ್ಮವನ್ನು ಸುಟ್ಟು ಕೆಂಪಾಗಿಸುವ ಕಿರಣಗಳ ತಡೆಯನ್ನು ಮಾತ್ರ. 30 ಎಂದಿದ್ದರೆ ಅವುಗಳಲ್ಲಿ ನೂರಕ್ಕೆ ಸುಮಾರು 97 ಪಾಲು ತಡೆದಂತೆ, 50 ಎಂದಿದ್ದರೆ 98. ‘ಪಿಎ’ ಅಕ್ಷರಗಳ ಮುಂದಿನ ಕೂಡು ಗುರುತುಗಳು ಉದ್ದ ಅಲೆಯ ಅತಿನೇರಳೆ ಕಿರಣದ ತಡೆಯನ್ನು ಹೇಳುತ್ತವೆ. ಗುರುತು ಹೆಚ್ಚಿದ್ದಷ್ಟೂ ಒಳ್ಳೆಯದು. ಕಾಣುವ ಬೆಳಕಿನ ಬಗ್ಗೆ ಎರಡೂ ಏನನ್ನೂ ಹೇಳುವುದಿಲ್ಲ. ಹಚ್ಚಿದ ಕೂಡಲೇ ಮಾಯವಾಗುವ ಪಾರದರ್ಶಕ ಕ್ರೀಮು ಕಾಣುವ ಬೆಳಕನ್ನು ತಡೆಯಲಾರದು. ತಡೆಯುವಂತಿದ್ದರೆ ಅದು ಕಣ್ಣಿಗೆ ಕಾಣಲೇಬೇಕಿತ್ತು.

ಆ ಬೆಳಕನ್ನು ತಡೆಯಲು ಬೇಕಾದದ್ದು ಬಣ್ಣವೇ. ಅದು ಕಬ್ಬಿಣದ ಆಕ್ಸೈಡ್, ಕೋಲಾರದಿಂದ ಬಳ್ಳಾರಿಯವರೆಗೆ ನಮ್ಮ ಕೆಮ್ಮಣ್ಣಿಗೆ ಕೆಂಪು ಕೊಟ್ಟಿರುವ ಅದೇ ವಸ್ತು. ಅದರ ಕೆಂಪು, ಹಳದಿ, ಕಪ್ಪು ಪುಡಿಗಳನ್ನು ಬೆರೆಸಿ ಚರ್ಮದ ಬಣ್ಣಕ್ಕೆ ಹೊಂದುವಂತೆ ಮಾಡಿದ ಸನ್‌ಸ್ಕ್ರೀನುಗಳನ್ನು ‘ಟಿಂಟೆಡ್’ ಎಂಬ ಹೆಸರಿನಲ್ಲಿ ಮಾರುತ್ತಾರೆ. 2014ರಲ್ಲಿ ಮೆಕ್ಸಿಕೊದ ಸಾನ್ ಲೂಯಿಸ್ ಪೊಟೊಸಿಯ ವೈದ್ಯರು ಬಂಗಿದ್ದವರನ್ನು ಎರಡು ಗುಂಪು ಮಾಡಿ, ಎರಡಕ್ಕೂ ಒಂದೇ ಔಷಧ ಕೊಟ್ಟರು. ಒಂದು ಗುಂಪಿಗೆ ಮಾಮೂಲಿ ಸನ್‌ಸ್ಕ್ರೀನ್, ಇನ್ನೊಂದಕ್ಕೆ ಕಬ್ಬಿಣದ ಆಕ್ಸೈಡ್ ಬೆರೆಸಿದ್ದು. ಎಂಟು ವಾರಗಳ ಕೊನೆಗೆ ಎರಡನೆಯ ಗುಂಪಿನವರ ಬಂಗು ಹೆಚ್ಚು ತಿಳಿಯಾಗಿತ್ತು. ಅದು ಗರ್ಭಿಣಿಯರ ಮೇಲೆ ನಡೆದ ಪ್ರಯೋಗವಲ್ಲ, ಆದರೂ ಬೆಳಕು ಮಾಡುವ ಕೆಲಸ ಅವರಲ್ಲೂ ಅದೇ. ಕಂದು ಚರ್ಮದ ಬಸುರಿಗೆ ಬಣ್ಣವಿರುವ ಸನ್‌ಸ್ಕ್ರೀನೇ ಸರಿಯಾದ ಆಯ್ಕೆ. ಸತು ಮತ್ತು ಟೈಟಾನಿಯಂ ಆಕ್ಸೈಡಿನ ಕ್ರೀಮು ನಮ್ಮ ಮುಖಕ್ಕೆ ಸುಣ್ಣ ಬಳಿದಂತೆ ಕಾಣುತ್ತದೆ ಎಂಬ ದೂರೂ ಇದರಿಂದ ಬಗೆಹರಿಯುತ್ತದೆ.

ಈ ಎರಡು ಖನಿಜಗಳನ್ನೇ ವೈದ್ಯರು ಗರ್ಭಿಣಿಯರಿಗೆ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಆಕ್ಸಿಬೆಂಜೋನ್‌ನಂಥ ಬಿಸಿಲು ತಡೆಯುವ ಕೆಲವು ರಾಸಾಯನಿಕಗಳು ಚರ್ಮದ ಮೂಲಕ ರಕ್ತಕ್ಕೆ ಸೇರುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಪರೀಕ್ಷೆಗಳು 2019 ಮತ್ತು 2020ರಲ್ಲಿ ತೋರಿಸಿದವು. ಸೇರಿದ ಮಾತ್ರಕ್ಕೆ ಹಾನಿ ಎಂದಲ್ಲ. ಆದರೆ ಚರ್ಮದ ಮೇಲೆಯೇ ಉಳಿಯುವ ಸತುವಿನ ಆಕ್ಸೈಡ್ ಸುಲಭವಾಗಿ ಸಿಗುವಾಗ ಅದನ್ನೇ ಆರಿಸಿಕೊಳ್ಳುವುದು ಜಾಣತನ.

ಎಷ್ಟು ಹಚ್ಚಬೇಕು ಎಂಬಲ್ಲಿ ಹೆಚ್ಚಿನವರು ಎಡವುತ್ತಾರೆ. ಪ್ರಯೋಗಾಲಯದಲ್ಲಿ ಎಸ್‌ಪಿಎಫ್ ಅಳೆಯುವುದು ಚರ್ಮದ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ. ಮನೆಯಲ್ಲಿ ನಾವು ಕಡಲೆಕಾಳಿನಷ್ಟು ತೆಗೆದುಕೊಂಡು ಇಡೀ ಮುಖಕ್ಕೆ ಸವರುತ್ತೇವೆ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಕ್ರೀಮಿನ ಗೆರೆ ಎಳೆದರೆ ಮುಖ ಮತ್ತು ಕತ್ತಿಗೆ ಸಾಕಾಗುವಷ್ಟಾಗುತ್ತದೆ. ಹೊರಗೆ ಹೋಗುವ ಹದಿನೈದು ನಿಮಿಷ ಮುಂಚೆ ಹಚ್ಚಬೇಕು. ಬಿಸಿಲಲ್ಲೇ ಇದ್ದರೆ, ಬೆವರು ಒರೆಸಿಕೊಳ್ಳುತ್ತಿದ್ದರೆ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ಈ ಲೆಕ್ಕದಲ್ಲಿ ಹಚ್ಚಿದರೆ ಒಂದು ಟ್ಯೂಬು ಬೇಗ ಮುಗಿಯುತ್ತದೆ, ಅದು ಎಲ್ಲರ ಕೈಗೆಟುಕುವ ಖರ್ಚೂ ಅಲ್ಲ. ರಾಯಚೂರಿನ ಹತ್ತಿ ಹೊಲದಲ್ಲಿ, ಕೊಡಗಿನ ಕಾಫಿ ತೋಟದಲ್ಲಿ, ರಸ್ತೆ ಕೆಲಸದಲ್ಲಿ, ಸಂತೆಯ ಬಯಲಿನಲ್ಲಿ ಆರೇಳು ತಿಂಗಳವರೆಗೂ ದುಡಿಯುವ ಬಸುರಿಯರಿದ್ದಾರೆ. ಬಂಗು ತಡೆಯುವ ಬಗ್ಗೆ ಬರೆಯುವವರು ಹೆಚ್ಚಾಗಿ ಅವರನ್ನು ಮರೆತೇ ಬರೆಯುತ್ತಾರೆ, ಬಿಸಿಲು ಎಲ್ಲರಿಗಿಂತ ಹೆಚ್ಚು ಬೀಳುವುದು ಅವರ ಮೇಲೆ. ಅವರಿಗೆ ನೆರಳೇ ಮದ್ದು, ಕೊಡೆಯೇ ಮದ್ದು. ದಟ್ಟ ಬಣ್ಣದ, ಒತ್ತಾಗಿ ನೇಯ್ದ ಬಟ್ಟೆ ಅತಿನೇರಳೆ ಕಿರಣವನ್ನೂ ಕಾಣುವ ಬೆಳಕನ್ನೂ ಒಟ್ಟಿಗೇ ತಡೆಯುತ್ತದೆ. ಅದಕ್ಕೆ ಎರಡು ಗಂಟೆಯ ಗಡುವಿಲ್ಲ, ಬೆವರಿಗೆ ಅದು ಕರಗುವುದಿಲ್ಲ. ತಲೆಯ ಮೇಲೆ ಬರೀ ಹೊದ್ದ ಸೆರಗು ಕೂದಲನ್ನು ಮುಚ್ಚೀತು, ಕೆನ್ನೆಗೆ ನೆರಳು ಕೊಡದು. ಸೆರಗನ್ನೋ ಟವೆಲ್ಲನ್ನೋ ಹಣೆಯ ಮುಂದಕ್ಕೆ ಚಾಚಿಬರುವಂತೆ ಕಟ್ಟಿದರೆ ಒಳ್ಳೆಯದು, ಅಗಲ ಅಂಚಿನ ಹುಲ್ಲಿನ ಟೋಪಿ ಸಿಕ್ಕರೆ ಇನ್ನೂ ಒಳ್ಳೆಯದು. ಸಾಧ್ಯವಿರುವ ಕಡೆ ಬಯಲಿನ ಕೆಲಸವನ್ನು ಬೆಳಿಗ್ಗೆ ಹತ್ತಕ್ಕೆ ಮುಂಚೆ, ಸಂಜೆ ನಾಲ್ಕರ ನಂತರಕ್ಕೆ ಹೊಂದಿಸಿಕೊಡುವುದು ಮನೆಯವರ, ಕೆಲಸ ಕೊಟ್ಟವರ ಹೊಣೆ.

ನಮ್ಮ ಸೂರ್ಯ ಮೃದುವಲ್ಲ ಎಂಬುದನ್ನೂ ನೆನಪಿಡಬೇಕು. ಇಡೀ ಕರ್ನಾಟಕ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಕೆಳಗಿದೆ. ವರ್ಷಕ್ಕೆ ಎರಡು ಸಲ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮಧ್ಯದಲ್ಲೊಮ್ಮೆ. ಶೂನ್ಯ ನೆರಳಿನ ದಿನ ಎಂದು ಶಾಲೆಯ ಮಕ್ಕಳು ಕೋಲು ನೆಟ್ಟು ನೋಡುವುದು ಅದನ್ನೇ. ಬೆಂಗಳೂರಿನ ತಂಪು ಹವೆ ಮೋಸ ಮಾಡುತ್ತದೆ: ಸಮುದ್ರಮಟ್ಟದಿಂದ ಮೇಲೇರಿದಂತೆ ಪ್ರತಿ ಸಾವಿರ ಮೀಟರಿಗೆ ಅತಿನೇರಳೆ ಕಿರಣ ನೂರಕ್ಕೆ ಹತ್ತರಷ್ಟು ಹೆಚ್ಚುತ್ತದೆ, ನಗರ ಇರುವುದು 900 ಮೀಟರಿಗೂ ಮೇಲೆ. ತೆಳು ಮೋಡದ ದಿನವೂ ಈ ಕಿರಣಗಳಲ್ಲಿ ನೂರಕ್ಕೆ 80ರವರೆಗೆ ನೆಲ ಮುಟ್ಟುತ್ತವೆ. ಬಸ್ಸಿನ ಕಿಟಕಿಯ ಗಾಜು ಸುಡುವ ಕಿರಣವನ್ನು ತಡೆದರೂ ಉದ್ದ ಅಲೆಯ ಕಿರಣವನ್ನೂ ಕಾಣುವ ಬೆಳಕನ್ನೂ ಒಳಗೆ ಬಿಡುತ್ತದೆ. ಮೊಬೈಲು, ಕಂಪ್ಯೂಟರ್ ಪರದೆಯ ನೀಲಿ ಬೆಳಕಿಗೆ ಹೆದರಬೇಕಿಲ್ಲ. ಬಂಗಿರುವವರ ಮೇಲೆಯೇ ಅದನ್ನು ಪರೀಕ್ಷಿಸಿದ್ದಾರೆ, ಬಂಗು ಹೆಚ್ಚಾಗಲಿಲ್ಲ.

ಬಿಸಿಲಿನಿಂದ ದೂರವಿದ್ದರೆ ವಿಟಮಿನ್ ಡಿ ಗತಿಯೇನು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನಮ್ಮಲ್ಲಿ ಗರ್ಭಿಣಿಯರಿಗೆ ಆ ವಿಟಮಿನ್ನಿನ ಕೊರತೆ ಸಾಮಾನ್ಯ. ಆದರೆ ಬಂಗು ಬರುವುದು ಮುಖಕ್ಕೆ, ವಿಟಮಿನ್ ಡಿ ತಯಾರಾಗುವುದು ಬಿಸಿಲು ಬಿದ್ದ ಎಲ್ಲ ಚರ್ಮದಲ್ಲಿ. ಮುಖವನ್ನು ನೆರಳಿನಲ್ಲಿಟ್ಟು ಕೈಕಾಲುಗಳಿಗೆ ಸ್ವಲ್ಪ ಹೊತ್ತು ಬಿಸಿಲು ತಾಗಿಸಬಹುದು. ಕೊರತೆ ಇದ್ದರೆ ವೈದ್ಯರು ಮಾತ್ರೆ ಕೊಡುತ್ತಾರೆ.

ಇಷ್ಟು ಮಾಡಿಯೂ ಬಂಗು ಬರಬಹುದು. ನಿಜವಾದ ಅಪಾಯ ಶುರುವಾಗುವುದು ಆಗ. ಬಂಗು ತಾನೇ ತಾಯಿಗೂ ಮಗುವಿಗೂ ಕೂದಲೆಳೆಯಷ್ಟೂ ಕೇಡು ಮಾಡುವುದಿಲ್ಲ. ಅದನ್ನು ಅಳಿಸಲು ಹೊರಟ ಕ್ರೀಮು ಮಾಡಬಲ್ಲದು.

“ಅಣ್ಣಾ, ಬಂಗಿಗೆ ಏನಾದ್ರೂ ಕ್ರೀಮ್ ಇದ್ರೆ ಕೊಡಿ.” “ತಗೊಳ್ಳಿ ಅಕ್ಕಾ, ಇದು ಚೆನ್ನಾಗಿ ಕೆಲಸ ಮಾಡತ್ತೆ, ಎಲ್ಲರೂ ಇದನ್ನೇ ಒಯ್ಯೋದು.” ಮೆಡಿಕಲ್ ಶಾಪಿನಲ್ಲಿ ಇಷ್ಟು ಮಾತು ಸಾಕು. ಕೈಗೆ ಬರುವ ಟ್ಯೂಬಿನಲ್ಲಿ ಬಹಳ ಸಲ ಇರುವುದು ಮೂರು ಔಷಧಗಳು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಒಂದು ಸ್ಟೀರಾಯ್ಡ್. ಈ ಮಿಶ್ರಣದ ಮೂಲ 1975ರಲ್ಲಿ ಅಮೆರಿಕದ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಪ್ರಕಟಿಸಿದ ಸೂತ್ರ. ವೈದ್ಯರ ಕಣ್ಗಾವಲಿನಲ್ಲಿ, ಕೆಲವೇ ವಾರ, ಗರ್ಭಿಣಿಯಲ್ಲದವರಿಗೆ ಅದು ಉಪಯುಕ್ತ ಔಷಧ. ಬಸುರಿಗೆ ಸಲ್ಲದು. ಮುಖಕ್ಕೆ ಹಚ್ಚಿದ ಹೈಡ್ರೋಕ್ವಿನೋನಿನಲ್ಲಿ ನೂರಕ್ಕೆ 35ರಿಂದ 45 ಪಾಲು ರಕ್ತಕ್ಕೆ ಇಳಿಯುತ್ತದೆ. ಹಚ್ಚುವ ಔಷಧಗಳಲ್ಲಿ ಇದು ತೀರ ಹೆಚ್ಚಿನ ಪ್ರಮಾಣ. ಟ್ರೆಟಿನಾಯಿನ್ ಸೇರಿದ ರೆಟಿನಾಯ್ಡ್ ಕುಟುಂಬದ ಮಾತ್ರೆಗಳು ಭ್ರೂಣದ ಅಂಗಗಳನ್ನೇ ಕೆಡಿಸಬಲ್ಲವು, ಹಾಗಾಗಿ ಹಚ್ಚುವ ರೂಪವನ್ನೂ ಬಸುರಿನಲ್ಲಿ ನಿಲ್ಲಿಸುತ್ತಾರೆ. ಬಂಗಿಗೆ ಕೊಡುವ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆಯೂ ಈಗ ಬೇಡ: ಅದು ರಕ್ತದ ಹೆಪ್ಪು ಕರಗದಂತೆ ತಡೆಯುತ್ತದೆ, ಬಸುರಿನಲ್ಲಿ ರಕ್ತ ಹೆಪ್ಪುಗಟ್ಟುವ ಸ್ವಭಾವ ಮೊದಲೇ ಹೆಚ್ಚಿರುತ್ತದೆ.

ಸ್ಟೀರಾಯ್ಡ್ ಕ್ರೀಮಿನ ದುರುಪಯೋಗ ಭಾರತದ ಚರ್ಮವೈದ್ಯರನ್ನು ವರ್ಷಗಳಿಂದ ಕಾಡುತ್ತಿದೆ. 2011ರಲ್ಲಿ ಪ್ರಕಟವಾದ, ದೇಶದ ಹಲವು ಕೇಂದ್ರಗಳ ಅಧ್ಯಯನದಲ್ಲಿ ಮುಖದ ಚರ್ಮದ ತೊಂದರೆ ಹೇಳಿಕೊಂಡು ಬಂದ 2,926 ಮಂದಿಯಲ್ಲಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚಿಕೊಳ್ಳುತ್ತಿದ್ದರು. ಮೊದಲ ವಾರಗಳಲ್ಲಿ ಮುಖ ತಿಳಿಯಾಗಿ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗುತ್ತದೆ, ಕೆಂಪು ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆ, ಬೇಡದ ಕೂದಲು ಬರುತ್ತವೆ, ಬಿಟ್ಟರೆ ಉರಿಯುತ್ತದೆ. ಚರ್ಮವೈದ್ಯರ ಸಂಘದ ಒತ್ತಾಯದ ನಂತರ 2018ರಲ್ಲಿ ಕೇಂದ್ರ ಸರ್ಕಾರ ಇಂಥ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಎಚ್ ಪಟ್ಟಿಗೆ ಸೇರಿಸಿತು. ಚೀಟಿ ಕೇಳುವ ಅಂಗಡಿಗಳು ಎಷ್ಟಿವೆ ಎಂಬುದು ಓದುಗರಿಗೇ ಗೊತ್ತು.

ಹೆಸರಿಲ್ಲದ, ತಯಾರಕರ ವಿಳಾಸವಿಲ್ಲದ ‘ಬಿಳುಪಿನ’ ಕ್ರೀಮುಗಳು ಇನ್ನೂ ಕೆಟ್ಟವು. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ಮೂತ್ರಪಿಂಡ ತಜ್ಞರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಒಂದು ಅಪರೂಪದ ಬಗೆಯ ಮೂತ್ರಪಿಂಡ ರೋಗದ 15 ಜನರನ್ನು ಕಂಡರು. ಅವರಲ್ಲಿ 13 ಮಂದಿ ಇಂಥ ಕ್ರೀಮು ಹಚ್ಚುತ್ತಿದ್ದರು. ಕ್ರೀಮಿನಲ್ಲಿದ್ದದ್ದು ಪಾದರಸ. ಪಾದರಸ ಬಣ್ಣದ ಕೋಶದ ಕೆಲಸವನ್ನು ನಿಲ್ಲಿಸುತ್ತದೆ ನಿಜ. ಅದು ಮಾಸನ್ನು ದಾಟಿ ಮಗುವಿನ ಬೆಳೆಯುತ್ತಿರುವ ಮೆದುಳನ್ನೂ ಮುಟ್ಟುತ್ತದೆ.

ಹಾಗಾದರೆ ಬಸುರಿಗೆ ಹಚ್ಚಬಹುದಾದದ್ದು ಏನೂ ಇಲ್ಲವೇ? ಒಂದಿದೆ, ಅದರ ಹುಟ್ಟಿನ ಕತೆ ಸೊಗಸಾಗಿದೆ. ಬೆನ್ನು, ಎದೆಯ ಮೇಲೆ ಬಿಳಿ ಬಿಳಿ ಮಚ್ಚೆಯಾಗಿ ಬರುವ ಚಿಬ್ಬು ಒಂದು ಶಿಲೀಂಧ್ರದ ಕೆಲಸ. ಅದು ಇರುವಲ್ಲಿ ಚರ್ಮದ ಬಣ್ಣ ತಗ್ಗುವುದೇಕೆ ಎಂದು 1970ರ ದಶಕದಲ್ಲಿ ರೋಮ್ ನಗರದ ಮಾರ್ಚೆಲ್ಲಾ ನತ್ಸಾರೊ-ಪೊರ್ರೊ ಮತ್ತು ಸಿರೊ ಪಾಸ್ಸಿ ಹುಡುಕಿದರು. ಆ ಶಿಲೀಂಧ್ರ ತಯಾರಿಸುವ ಆಮ್ಲಗಳು ಮೆಲಾನಿನ್ ತಯಾರಿಸುವ ಕಿಣ್ವವನ್ನು ತಡೆಯುತ್ತಿದ್ದವು. ಹಾಗೆ ಸಿಕ್ಕಿದ್ದು ಅಜಲೈಕ್ ಆಮ್ಲ. ಗೋಧಿ, ಬಾರ್ಲಿಯಲ್ಲೂ ಇದು ಸಹಜವಾಗಿಯೇ ಇದೆ. ಹಚ್ಚಿದ್ದರಲ್ಲಿ ನೂರಕ್ಕೆ ಸುಮಾರು ನಾಲ್ಕು ಪಾಲು ಮಾತ್ರ ಒಳಗಿಳಿಯುವುದರಿಂದ ಗರ್ಭಿಣಿಯರಿಗೆ ಬೇಕೇ ಬೇಕು ಎನಿಸಿದರೆ ವೈದ್ಯರು ಇದನ್ನು ಬರೆಯುತ್ತಾರೆ. ವಿಟಮಿನ್ ಸಿ ಇರುವ ಲೇಪವೂ ನಡೆಯುತ್ತದೆ. ಹೆಚ್ಚಿನವರಿಗೆ ಅದೂ ಬೇಡ. ಹೆರಿಗೆಯವರೆಗೆ ನೆರಳು, ಸನ್‌ಸ್ಕ್ರೀನ್ ಸಾಕು.

ಅಡುಗೆಮನೆಯ ಮದ್ದುಗಳಲ್ಲಿ ಕಡಲೆಹಿಟ್ಟು, ಮೊಸರು, ಲೋಳೆಸರ ಅಷ್ಟಾಗಿ ಕೆಡುಕಿಲ್ಲದವು. ನಿಂಬೆಹಣ್ಣನ್ನು ಮಾತ್ರ ಮುಖಕ್ಕೆ ತರಬೇಡಿ. ವಿಜಯಪುರದ ಇಂಡಿಯಲ್ಲಿ ಬೆಳೆಯುವ, ನಮ್ಮ ಚಿತ್ರಾನ್ನಕ್ಕೆ ಹಿಂಡುವ ಈ ಸಣ್ಣ ನಿಂಬೆಯ ಸಿಪ್ಪೆ ಮತ್ತು ರಸದಲ್ಲಿ ಫ್ಯುರನೊಕೂಮರಿನ್ ಎಂಬ ವಸ್ತುಗಳಿವೆ. ಚರ್ಮದ ಮೇಲೆ ಅವು ಇರುವಾಗ ಬಿಸಿಲು ಬಿದ್ದರೆ ಸುಟ್ಟಂತಾಗಿ, ಆ ಜಾಗ ತಿಂಗಳುಗಟ್ಟಲೆ ಕಪ್ಪಾಗಿ ಉಳಿಯುತ್ತದೆ. ಬಂಗು ಕಳೆಯಲು ಹೋಗಿ ಬಂಗಿಗಿಂತ ಗಾಢವಾದ ಕಲೆ ಬರುವ ದಾರಿ ಇದು. ಕಲಬೆರಕೆ ಕುಂಕುಮದ ಬಣ್ಣಗಳೂ ಹಣೆಯಲ್ಲಿ ಕಪ್ಪು ಕಲೆ ಬಿಡುತ್ತವೆ. ಕಪ್ಪು ಹಣೆಯ ನಡುವಿಗಷ್ಟೇ ಇದ್ದರೆ ಮೊದಲು ಕುಂಕುಮದ ಮೇಲೆ ಅನುಮಾನವಿರಲಿ.

ಬಸುರಿಯ ಕಪ್ಪೆಲ್ಲ ಬಂಗೇ ಎಂದು ಸುಮ್ಮನಿರುವುದೂ ಸರಿಯಲ್ಲ. 1963ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಬೇಕರ್ ಮತ್ತು ಸಂಗಡಿಗರು ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಸಂಗತಿ ಬರೆದರು: ಬೆರಳ ಗೆಣ್ಣು, ಅಂಗೈ, ಅಂಗಾಲು ಕಪ್ಪಾಗಿದ್ದ ದಕ್ಷಿಣ ಭಾರತದ ರೋಗಿಗಳಲ್ಲಿ ಬಿ12 ವಿಟಮಿನ್ ಕೊರತೆಯಿತ್ತು, ವಿಟಮಿನ್ ಕೊಟ್ಟಾಗ ಕಪ್ಪು ಹೋಯಿತು. ಬರೀ ಸಸ್ಯಾಹಾರ ತಿನ್ನುವ ಗರ್ಭಿಣಿಗೆ ಇದು ಮುಖ್ಯ, ಮಗುವಿನ ನರಗಳ ಬೆಳವಣಿಗೆಗೂ ಬಿ12 ಬೇಕು. ಕತ್ತಿನ ಹಿಂದೆ ಮಖಮಲ್ಲಿನ ಹಾಗೆ ದಪ್ಪಗೆ ಕಪ್ಪಾದರೆ ಅದು ಸಕ್ಕರೆ ಕಾಯಿಲೆಯ ಸೂಚನೆ ಇರಬಹುದು. ರಕ್ತ ಪರೀಕ್ಷೆ ಮಾಡಿಸಬೇಕು. ಮೈತುಂಬ ತುರಿಕೆ ಇದ್ದರೆ, ಯಾವುದಾದರೂ ಮಚ್ಚೆ ಆಕಾರ ಬದಲಿಸಿದರೆ, ರಕ್ತ ಒಸರಿದರೆ ತಡಮಾಡಬಾರದು.

ಬಣ್ಣದ ಭಯ ಮಾಡುವ ಕೇಡುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಕಬ್ಬಿಣದ ಮಾತ್ರೆಗೆ ಸಂಬಂಧಿಸಿದ್ದು. ಆ ಮಾತ್ರೆ ತಿಂದರೆ ಮಲ ಕಪ್ಪಾಗುತ್ತದೆ. ಅದನ್ನು ಕಂಡು, ಮಗುವೂ ಕಪ್ಪಾಗುತ್ತದೆ ಎಂದು ಮಾತ್ರೆಯನ್ನೇ ಬಿಡುವವರು ನಮ್ಮ ಹಳ್ಳಿಗಳಲ್ಲೂ ಪೇಟೆಗಳಲ್ಲೂ ಇದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಇತ್ತು. ಹೆರಿಗೆಯಲ್ಲಿ ರಕ್ತ ಹೋದಾಗ ಅಂಥ ತಾಯಿಯ ಜೀವವೇ ಅಪಾಯಕ್ಕೆ ಸಿಲುಕುತ್ತದೆ. ಮಗುವಿನ ಬಣ್ಣ ತಂದೆತಾಯಿಯ ವಂಶವಾಹಿಗಳಿಂದ ಬರುತ್ತದೆ. ಕಬ್ಬಿಣದ ಮಾತ್ರೆ ಅದನ್ನು ಕಪ್ಪು ಮಾಡದು, ಕೇಸರಿ ಹಾಕಿದ ಹಾಲು ಬೆಳ್ಳಗೆ ಮಾಡದು. ತಾಯಿಯ ಮುಖದ ಬಂಗು ನೋಡಿ ಗಂಡೋ ಹೆಣ್ಣೋ ಎಂದು ಹೇಳುವ ಮಾತಿಗೂ ಆಧಾರವಿಲ್ಲ.

ಹೆರಿಗೆಯ ನಂತರ ಹಾರ್ಮೋನು ಇಳಿದಂತೆ ಬಂಗು ಹೆಚ್ಚಿನವರಲ್ಲಿ ತಿಂಗಳುಗಳಲ್ಲಿ ತಿಳಿಯಾಗುತ್ತದೆ, ಕೆಲವರಲ್ಲಿ ಉಳಿದುಬಿಡುತ್ತದೆ. ಬಾಣಂತನ ಮುಗಿದು ಹೊರಗೆ ಓಡಾಡಲು ಶುರುಮಾಡಿದ ಕೂಡಲೇ ಕೊಡೆ, ಕ್ರೀಮು ಬಿಟ್ಟರೆ ಮಾಸುತ್ತಿದ್ದದ್ದು ಮತ್ತೆ ಗಾಢವಾಗುತ್ತದೆ. ಇನ್ನೊಂದು ಮಾತು ಗರ್ಭನಿರೋಧಕ ಮಾತ್ರೆಯದು. 1967ರಲ್ಲಿ ರೆಸ್ನಿಕ್ ಎಂಬ ವೈದ್ಯರು ಅಮೆರಿಕದಲ್ಲಿ ಮಾತ್ರೆ ತೆಗೆದುಕೊಳ್ಳುತ್ತಿದ್ದ 212 ಹೆಂಗಸರನ್ನು ನೋಡಿದಾಗ ನೂರಕ್ಕೆ 29 ಮಂದಿಗೆ ಬಂಗು ಬಂದಿತ್ತು. ಅಂದಿನ ಮಾತ್ರೆಗಳಲ್ಲಿ ಹಾರ್ಮೋನು ಈಗಿನದಕ್ಕಿಂತ ಹೆಚ್ಚಿತ್ತು ನಿಜ. ಆದರೂ ಬಸುರಿನಲ್ಲಿ ಬಂಗು ಬಂದವರು ಮುಂದಿನ ಗರ್ಭನಿರೋಧದ ಬಗ್ಗೆ ಮಾತಾಡುವಾಗ ವೈದ್ಯರಿಗೆ ಅದನ್ನು ಹೇಳಬೇಕು. ಹಾರ್ಮೋನಿಲ್ಲದ ಕಾಪರ್-ಟಿಯಂಥ ದಾರಿಗಳೂ ಇವೆ.

ತಾಯಿ ಕಾರ್ಡ್ ಮಾಡಿಸಲು ಆಸ್ಪತ್ರೆಗೆ ಹೋಗುವ ದಿನವೇ ಮುಖದ ಚರ್ಮದ ಬಗ್ಗೆಯೂ ಕೇಳಿ. ಬಂಗು ಕಾಣಿಸಿಕೊಳ್ಳಲಿ ಎಂದು ಕಾಯದೆ, ಮೂರನೇ ತಿಂಗಳೊಳಗೆ ಕೊಡೆ ಹಿಡಿಯುವ, ಬಣ್ಣವಿರುವ ಸನ್‌ಸ್ಕ್ರೀನ್ ಹಚ್ಚುವ ರೂಢಿ ಮಾಡಿಕೊಳ್ಳಿ. ಮುಖಕ್ಕೆ ಈಗಾಗಲೇ ಯಾವುದಾದರೂ ಕ್ರೀಮು ಹಚ್ಚುತ್ತಿದ್ದರೆ ಆ ಟ್ಯೂಬನ್ನೂ ಜೊತೆಗೆ ಒಯ್ದು ವೈದ್ಯರಿಗೆ ತೋರಿಸಿ.